ಕೆಂಗುರಿ ಹಿಂಡಿಗೆ ಬೀಜದ ಟಗರು ಆರಿಸುವಾಗ

ರಾಯಚೂರು, ಕೊಪ್ಪಳ ಸೀಮೆಯ ಕಲ್ಲುಗುಡ್ಡದಲ್ಲಿ ಮೇಯುವ ಕೆಂಗುರಿಗೆ ಕಾಲೇ ಆಸ್ತಿ. ಸಂತೆಯಲ್ಲಿ ಎಲ್ಲರ ಕಣ್ಣು ಹೋಗುವುದು ಕೊಂಬಿನ ಮೇಲೆ (ಮಾರುವವರಿಗೂ ಅದು ಗೊತ್ತು). ನೀವು ಮೊದಲು ಗಟ್ಟಿ ನೆಲದ ಮೇಲೆ ಇಪ್ಪತ್ತು ಹೆಜ್ಜೆ ನಡೆಸಿ ನೋಡಿ. ಕುಂಟಿದರೆ, ಹಿಂಗಾಲು ಒಂದಕ್ಕೊಂದು ಉಜ್ಜಿದರೆ, ಗೊರಸಿನ ಸಂದಿ ನಾತ ಹೊಡೆದರೆ ಬೇಡ.

ಹಾಲುಹಲ್ಲು ಬಿದ್ದು ಎರಡು ಅಥವಾ ನಾಲ್ಕು ಶಾಶ್ವತ ಹಲ್ಲು ಹಾಕಿದ್ದು ಸರಿಯಾದ ವಯಸ್ಸು. ಕೆಳಹಲ್ಲು ಮೇಲಿನ ಒಸಡಿಗೆ ನೇರ ಕೂರಬೇಕು. ಮುಂದೆ ಚಾಚಿದ್ದರೆ ಮೋಟು ಹುಲ್ಲು ಕಚ್ಚಲಾಗದು.

ಆಮೇಲೆ ಹಿಂದೆ ಕುಳಿತು ಎರಡೂ ಕೈಯಿಂದ ಬೀಜ ಹಿಡಿಯಿರಿ. ಎರಡೂ ಸಮ ಗಾತ್ರ, ಬಿಗಿ, ಚೀಲದೊಳಗೆ ಸಲೀಸಾಗಿ ಜಾರಬೇಕು. ತುದಿಯಲ್ಲಿ ಗಟ್ಟಿ ಗಂಟು ಸಿಕ್ಕಿದರೆ ಸೋಂಕಿನ ಗುರುತಿರಬಹುದು, ಪಶುವೈದ್ಯರಿಗೆ ತೋರಿಸದೆ ಹಿಂಡಿಗೆ ಬಿಡಬೇಡಿ. ಒಂದೇ ಬೀಜ ಇಳಿದಿದ್ದರೆ ಎಷ್ಟೇ ಚೆಂದವಿದ್ದರೂ ಕೊಳ್ಳಬೇಡಿ, ಆ ದೋಷ ಮರಿಗೂ ಬರಬಹುದು.

ವೀರ್ಯ ತಯಾರಾಗಲು ಸುಮಾರು ಎರಡು ತಿಂಗಳು ಬೇಕು. ಅದಕ್ಕೇ ಬೆದೆಕಾಲಕ್ಕೆ ಎಂಟು ವಾರ ಮೊದಲೇ ಜಂತಿನ ಔಷಧಿ ಕುಡಿಸಿ, ದಿನಕ್ಕೆ 300 ಗ್ರಾಂ ಜೋಳ, ಹಿಂಡಿ ಶುರುಮಾಡಿ. ನಡುವೆ ಜೋರು ಜ್ವರ ಬಂದ ಟಗರು ಕುರಿಯನ್ನು ಹಾರುತ್ತದೆ, ಆದರೆ ಕುರಿ ಗಬ್ಬ ನಿಲ್ಲದಿರಬಹುದು.

ಬಲಿತ ಟಗರಿಗೆ 25–30 ಕುರಿ, ಎರಡು ಹಲ್ಲಿನದಕ್ಕೆ 15 ಸಾಕು. ಎರಡು ವರ್ಷಕ್ಕೆ ಬದಲಿಸಿ, ಇಲ್ಲವಾದರೆ ತನ್ನ ಮಗಳನ್ನೇ ಹಾರುತ್ತದೆ.

ಯಾವ ಕುರಿಯನ್ನು ಹಾರಿತೆಂದು ತಿಳಿಯಲು ಟಗರಿನ ಎದೆಗೆ ಹಳದಿ ಬಣ್ಣದ ಪುಡಿಯನ್ನು ಶೇಂಗಾ ಎಣ್ಣೆಯಲ್ಲಿ ಕಲಸಿ ಹಚ್ಚಿ. ಕೆಮ್ಮಣ್ಣು ಕೆಂಗುರಿಯ ಮೈಮೇಲೆ ಕಾಣುವುದಿಲ್ಲ. ಗಬ್ಬ ನಿಲ್ಲದ ಕುರಿ ಸುಮಾರು 17 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ, ಅದಕ್ಕೇ 17 ದಿನದ ನಂತರ ಬಣ್ಣ ಬದಲಿಸಿ. ಬಹುಪಾಲು ಕುರಿಗಳ ಬೆನ್ನಲ್ಲಿ ಎರಡೂ ಬಣ್ಣ ಕಂಡರೆ ಮೊದಲು ಅನುಮಾನಿಸಬೇಕಾದ್ದು ಟಗರನ್ನು.