ಆಂಬುಲೆನ್ಸ್ ಬರುವ ಮುಂಚೆ: ಫಸ್ಟ್ ರೆಸ್ಪಾಂಡರ್ ಆಗುವುದು ಹೇಗೆ?

ಹೃದಯ ನಿಂತರೆ ನಾಲ್ಕರಿಂದ ಆರು ನಿಮಿಷದೊಳಗೆ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಆಂಬುಲೆನ್ಸ್ ಎಷ್ಟೇ ಬೇಗ ಹೊರಟರೂ ಅಷ್ಟರಲ್ಲಿ ತಲುಪುವುದು ಕಷ್ಟ, ಅಲ್ವಾ? ಆ ಹೊತ್ತಿನಲ್ಲಿ ಜೀವ ಹಿಡಿದಿಡುವವರೇ ಫಸ್ಟ್ ರೆಸ್ಪಾಂಡರ್‌ಗಳು. ಇವರು ಡಾಕ್ಟರೋ ನರ್ಸೋ ಆಗಿರಬೇಕಿಲ್ಲ. ಅಗ್ನಿಶಾಮಕ ಸಿಬ್ಬಂದಿ, ಪೊಲೀಸರು, ಕಾರ್ಖಾನೆ ನೌಕರರು, ಸ್ವಯಂಸೇವಕರು ಹೀಗೆ ಯಾರಾದರೂ ಕಲಿಯಬಹುದು.

ಮೊದಲು ಯಾವ ಹಂತ ಎಂದು ತಿಳಿದುಕೊಳ್ಳಿ. ಒಂದು ದಿನದ ಪ್ರಥಮ ಚಿಕಿತ್ಸೆ ಶಿಬಿರವೇ ಬೇರೆ, ಇದೇ ಬೇರೆ. ಅಮೆರಿಕದ ತುರ್ತು ವೈದ್ಯಕೀಯ ಸೇವೆಯ ರಾಷ್ಟ್ರೀಯ ಮಾದರಿಯಲ್ಲಿ ನಾಲ್ಕು ಹಂತಗಳಿವೆ. ಫಸ್ಟ್ ರೆಸ್ಪಾಂಡರ್ (ಅಲ್ಲಿ ಈಗಿನ ಹೆಸರು ಎಮರ್ಜೆನ್ಸಿ ಮೆಡಿಕಲ್ ರೆಸ್ಪಾಂಡರ್) ಮೊದಲನೆಯದು, ಪ್ಯಾರಾಮೆಡಿಕ್ ಕೊನೆಯದು. 2009ರ ಶಿಕ್ಷಣ ಮಾನದಂಡ ಮೊದಲ ಹಂತಕ್ಕೆ ಸುಮಾರು 48ರಿಂದ 60 ಗಂಟೆಗಳ ಕಲಿಕೆ ಇಟ್ಟಿತ್ತು. ಯಾವ ಹಂತದವರು ಏನು ಮಾಡಬಹುದು, ಏನು ಮಾಡಬಾರದು ಎಂಬ ಪಟ್ಟಿಯೂ ಇರುತ್ತದೆ. ಆ ಗೆರೆ ದಾಟಬಾರದು. ಗೊತ್ತಿಲ್ಲದೆ ಕೈ ಹಾಕಿದರೆ ರೋಗಿಗೇ ತೊಂದರೆ.

ಕೋರ್ಸ್‌ಗೆ ಸೇರುವ ಮುಂಚೆ ಎರಡು ಪ್ರಶ್ನೆ ಕೇಳಿ. ನೀವು ಕೆಲಸ ಮಾಡುವ ಕಡೆ ಈ ಪ್ರಮಾಣಪತ್ರಕ್ಕೆ ಮಾನ್ಯತೆ ಇದೆಯೇ? ಅಭ್ಯಾಸಕ್ಕೆ ಇಡುವ ಮನುಷ್ಯಾಕಾರದ ಒಂದೊಂದು ಗೊಂಬೆಗೆ ಎಷ್ಟು ಜನ? ನನ್ನ ದೃಷ್ಟಿಯಲ್ಲಿ ಎರಡನೆಯದೇ ಮುಖ್ಯ. ಇಪ್ಪತ್ತು ಜನರ ನಡುವೆ ಒಂದೇ ಗೊಂಬೆ ಇದ್ದರೆ ನೀವು ಸುಮ್ನೆ ನೋಡಿ ಬರುತ್ತೀರಿ ಅಷ್ಟೇ. ಬರೀ ವಿಡಿಯೊ ತೋರಿಸಿ ಸರ್ಟಿಫಿಕೇಟ್ ಕೊಡುವ ಕಡೆ ಹೋಗಲೇಬೇಡಿ.

ಕಲಿಕೆಯಲ್ಲಿ ಜಾಸ್ತಿ ಬೆವರು ಸುರಿಯುವುದು ಸಿಪಿಆರ್‌ನಲ್ಲಿ, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವುದರಲ್ಲಿ. ವಯಸ್ಕರ ಎದೆಯನ್ನು ಕನಿಷ್ಠ 5 ಸೆಂಟಿಮೀಟರ್ ಒತ್ತಬೇಕು, 6 ದಾಟಬಾರದು. ನಿಮಿಷಕ್ಕೆ 100ರಿಂದ 120 ಸಲ. 30 ಸಲ ಒತ್ತಿ, ಎರಡು ಸಲ ಉಸಿರು ಕೊಡಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಸುಸ್ತಾದವರು ತಮಗೇ ಗೊತ್ತಿಲ್ಲದೆ ಎದೆಯ ಮೇಲೆ ಭಾರ ಬಿಟ್ಟಿರುತ್ತಾರೆ. ಆಗ ಹೃದಯಕ್ಕೆ ರಕ್ತ ತುಂಬುವುದಿಲ್ಲ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗುತ್ತಾರೆ. ಇನ್ನೊಂದು ಮಾತು: ಹೃದಯ ನಿಂತವರು ಆಗಾಗ ಬಾಯಿ ತೆರೆದು ಏದುಸಿರು ಬಿಟ್ಟಂತೆ ಕಾಣಬಹುದು. ಅದು ಉಸಿರಾಟವಲ್ಲ. ಇದನ್ನು ಗುರುತಿಸಲು ಬರದೆ ಕಾಯುತ್ತ ನಿಂತರೆ ಜೀವ ಹೋಗುತ್ತದೆ.

ಇದರ ಜೊತೆಗೆ ಎಇಡಿ (ನಿಂತ ಹೃದಯಕ್ಕೆ ಅಗತ್ಯವಿದ್ದರೆ ವಿದ್ಯುತ್ ಶಾಕ್ ಕೊಡುವ ಯಂತ್ರ) ಬಳಕೆ, ರಕ್ತಸ್ರಾವ ತಡೆಯುವುದು, ಬೆನ್ನುಮೂಳೆ ಅಲುಗದಂತೆ ತಲೆ ಹಿಡಿಯುವುದು, ತುರ್ತು ಹೆರಿಗೆಗೆ ನೆರವಾಗುವುದು ಇರುತ್ತದೆ. ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯಾಗಿ ಕಟ್ಟುವ ಪಟ್ಟಿ, ಅಂದರೆ ಟೂರ್ನಿಕೆ ಕಟ್ಟಿದರೆ ಕಟ್ಟಿದ ಸಮಯ ಬರೆದಿಡಬೇಕು. ಆಂಬುಲೆನ್ಸ್‌ನವರಿಗೆ ಒಪ್ಪಿಸುವಾಗ ಅದನ್ನು ಮರೆಯದೆ ಹೇಳಬೇಕು.

ಪರೀಕ್ಷೆಯಲ್ಲಿ ಬರವಣಿಗೆಯ ಜೊತೆ ಮಾಡಿ ತೋರಿಸುವ ಭಾಗವೂ ಇರುತ್ತದೆ. ಇಲ್ಲಿ ಹಲವರು ಎಡವುವುದು ಚಿಕ್ಕ ವಿಷಯಕ್ಕೆ. ಗ್ಲೌಸ್ ಹಾಕಿಕೊಳ್ಳದೆ, ಜಾಗ ಸುರಕ್ಷಿತವೇ ಎಂದು ನೋಡದೆ ನೇರ ರೋಗಿಯ ಬಳಿ ಓಡಿದರೆ, ಉಳಿದದ್ದೆಲ್ಲ ಸರಿ ಮಾಡಿದರೂ ಫೇಲ್ ಆಗಬಹುದು. ಇದು ಕಠಿಣ ಅನ್ನಿಸಬಹುದು, ಆದರೆ ನ್ಯಾಯವೇ. ವಿದ್ಯುತ್ ತಂತಿ ಬಿದ್ದಿರುವ ಕಡೆ ಓಡಿದವರು ಎರಡನೇ ರೋಗಿಯಾಗುತ್ತಾರೆ. ಹೀಗಾಗಿ ಅಭ್ಯಾಸ ಮಾಡುವಾಗಲೇ "ಗ್ಲೌಸ್ ಹಾಕಿದ್ದೇನೆ, ಜಾಗ ಸುರಕ್ಷಿತ" ಎಂದು ಬಾಯಿಬಿಟ್ಟು ಹೇಳುವ ರೂಢಿ ಮಾಡಿಕೊಳ್ಳಿ.

ಪಾಸಾದ ಮೇಲೂ ಕೆಲಸ ಇದೆ. ಅಮೆರಿಕದ ರಾಷ್ಟ್ರೀಯ ನೋಂದಣಿಯಲ್ಲಿ ಈ ಹಂತದವರು ಎರಡು ವರ್ಷಕ್ಕೊಮ್ಮೆ 16 ಗಂಟೆಗಳ ಕಲಿಕೆ ತೋರಿಸಿ ನವೀಕರಿಸಿಕೊಳ್ಳಬೇಕು. ಆದರೆ ಕೈ ಅಷ್ಟು ದಿನ ಕಾಯುವುದಿಲ್ಲ. ಅಭ್ಯಾಸ ತಪ್ಪಿದರೆ ಸಿಪಿಆರ್ ಕೌಶಲ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ತರಬೇತಿ ಕೊಟ್ಟವರನ್ನೇ ಕೇಳಿ, ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ಗೊಂಬೆಯ ಮೇಲೆ ಒತ್ತಿ ಬನ್ನಿ.