ಕ್ಲಸ್ಟರ್ ತಲೆನೋವಿಗೆ ತಂಪಿನ ಪಟ್ಟಿ: ಸಿದ್ಧತೆ ನೋವಿಗಿಂತ ಮುಂಚೆ ಆಗಬೇಕು

ಕ್ಲಸ್ಟರ್ ತಲೆನೋವಿನ ದಾಳಿ ಶುರುವಾದ ಮೇಲೆ ಫ್ರೀಜರ್ ಬಾಗಿಲು ತೆರೆದು ಐಸ್ ಹುಡುಕುವವರನ್ನು, ಸಿಕ್ಕ ಐಸ್ ತುಂಡನ್ನು ಹಾಗೆಯೇ ಕಣ್ಣಿನ ಮೇಲೆ ಒತ್ತಿ ಹಿಡಿಯುವವರನ್ನು, ಚರ್ಮ ಮರಗಟ್ಟಿ ಬಿಳಿಚಿಕೊಂಡರೂ ಅದನ್ನು ತೆಗೆಯದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನೋವು ಅಷ್ಟು ಭೀಕರವಾಗಿರುವಾಗ ಅವರನ್ನು ದೂಷಿಸುವಂತಿಲ್ಲ. ಆದರೆ ಮರುದಿನ ಕಣತಲೆಯ ಮೇಲೆ ಸುಟ್ಟಂಥ ಕಲೆ ಉಳಿದು, ಮುಂದಿನ ದಾಳಿಯಲ್ಲಿ ಆ ಜಾಗವನ್ನು ಮುಟ್ಟಲೂ ಆಗದಂತಾದರೆ ನಷ್ಟ ಅವರದೇ. ತಂಪು ಈ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ದಾಳಿಯನ್ನು ತಡೆಯುವುದೂ ಇಲ್ಲ. ಔಷಧ ಕೆಲಸ ಮಾಡಲು ತೊಡಗುವವರೆಗಿನ ನಿಮಿಷಗಳನ್ನು ಸಹಿಸಿಕೊಳ್ಳಲು ಕೆಲವರಿಗೆ ನೆರವಾಗುತ್ತದೆ. ಆ ನೆರವು ದಕ್ಕಬೇಕಾದರೆ ಕೆಲಸದ ಬಹುಪಾಲು ನೋವು ಬರುವುದಕ್ಕೆ ಮುಂಚೆಯೇ ಮುಗಿದಿರಬೇಕು.

ಎಲ್ಲಕ್ಕಿಂತ ಮೊದಲು, ಇದು ಕ್ಲಸ್ಟರ್ ತಲೆನೋವೇ ಎಂಬುದನ್ನು ನರರೋಗ ತಜ್ಞರಿಂದ ಖಚಿತಪಡಿಸಿಕೊಂಡಿರಬೇಕು. ಈ ನೋವು ಒಂದೇ ಬದಿಯಲ್ಲಿ, ಕಣ್ಣಿನ ಸುತ್ತ, ಹುಬ್ಬಿನ ಮೇಲೆ ಅಥವಾ ಕಣತಲೆಯಲ್ಲಿ ಬರುತ್ತದೆ; ಚಿಕಿತ್ಸೆ ಇಲ್ಲದಿದ್ದರೆ 15 ನಿಮಿಷದಿಂದ 3 ಗಂಟೆಯವರೆಗೆ ಇರುತ್ತದೆ; ದಿನ ಬಿಟ್ಟು ದಿನ ಒಂದು ಸಲದಿಂದ ಹಿಡಿದು ದಿನಕ್ಕೆ 8 ಸಲದವರೆಗೆ ಮರುಕಳಿಸಬಹುದು. ಅದೇ ಬದಿಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ರೆಪ್ಪೆ ಜೋಲುತ್ತದೆ, ಮೂಗು ಕಟ್ಟುತ್ತದೆ ಅಥವಾ ಸೋರುತ್ತದೆ. ಮೈಗ್ರೇನ್ ಬಂದವರು ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗಿದರೆ, ಕ್ಲಸ್ಟರ್ ದಾಳಿಗೆ ಸಿಕ್ಕವರು ಕೂರಲಾರದೆ, ನಿಲ್ಲಲಾರದೆ ಕೋಣೆಯ ಉದ್ದಕ್ಕೂ ಓಡಾಡುತ್ತಾರೆ. ಈ ವ್ಯತ್ಯಾಸ ತಿಳಿಯದೆ ಸೈನಸ್ ತೊಂದರೆ ಎಂದೋ ಹಲ್ಲುನೋವು ಎಂದೋ ಭಾವಿಸಿ ವರ್ಷಗಟ್ಟಲೆ ಕಳೆದವರಿದ್ದಾರೆ. ಜೀವನದಲ್ಲೇ ಕಾಣದಂಥ ತಲೆನೋವು ಸಿಡಿಲಿನಂತೆ ಒಮ್ಮೆಗೇ ಎರಗಿದರೆ, ಜ್ವರದೊಂದಿಗೆ ಕತ್ತು ಬಿಗಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಕಣ್ಣು ಕೆಂಪಾಗುವುದರ ಜೊತೆಗೆ ದೃಷ್ಟಿ ಮಂಜಾದರೆ ತಂಪಿನ ಪಟ್ಟಿಯ ಯೋಚನೆ ಬಿಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮುಖದ ಸಂವೇದನೆಯನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರದ ಮೇಲ್ಗವಲು ಹಣೆ ಮತ್ತು ಕಣ್ಣಿನ ಭಾಗಕ್ಕೆ ಸೇರಿದ್ದು. ದಾಳಿಯ ಹೊತ್ತಿನಲ್ಲಿ ಕೆರಳುವುದು ಇದೇ. ನಿದ್ದೆ–ಎಚ್ಚರಗಳ ವೇಳೆಯನ್ನು ನಿಭಾಯಿಸುವ ಹೈಪೋಥಲಮಸ್ ಎಂಬ ಮಿದುಳಿನ ಭಾಗವೂ ಇದರಲ್ಲಿ ಪಾಲ್ಗೊಳ್ಳುವುದರಿಂದ, ಅನೇಕರಿಗೆ ದಾಳಿ ಪ್ರತಿದಿನ ಹೆಚ್ಚುಕಡಿಮೆ ಅದೇ ಗಳಿಗೆಗೆ, ಅದರಲ್ಲೂ ನಿದ್ದೆ ಹತ್ತಿದ ಒಂದೆರಡು ಗಂಟೆಗಳಲ್ಲಿ ಬರುತ್ತದೆ. ಚರ್ಮವನ್ನು ತಂಪು ಮಾಡಿದಾಗ ಅಲ್ಲಿನ ನರತಂತುಗಳಲ್ಲಿ ಸಂದೇಶದ ವೇಗ ತಗ್ಗುತ್ತದೆ, ರಕ್ತನಾಳಗಳು ಕಿರಿದಾಗುತ್ತವೆ, ತಂಪಿನ ಬಲವಾದ ಅನುಭವ ನೋವಿನ ಸಂದೇಶದೊಂದಿಗೆ ಪೈಪೋಟಿಗೆ ಇಳಿಯುತ್ತದೆ. ನೋವಿನ ಮೂಲ ಇರುವ ಆಳಕ್ಕೆ ಪಟ್ಟಿಯ ತಂಪು ಇಳಿಯುವುದಿಲ್ಲ. ತಂಪಿನ ಬಗ್ಗೆ ನಡೆದಿರುವ ಪ್ರಯೋಗಗಳು ಹೆಚ್ಚಾಗಿ ಮೈಗ್ರೇನ್‌ಗೆ ಸಂಬಂಧಿಸಿದವು; ಕ್ಲಸ್ಟರ್ ವಿಷಯದಲ್ಲಿ ಆಧಾರವಾಗಿರುವುದು ಬಹುಮಟ್ಟಿಗೆ ರೋಗಿಗಳ ಅನುಭವ. ಕೆಲವರಿಗೆ ತಂಪಿನಿಂದ ನೋವು ಹೆಚ್ಚಾಗುವುದೂ ಉಂಟು; ಅಂಥವರು ಇದನ್ನು ಹಟಕ್ಕೆ ಬಿದ್ದು ಮುಂದುವರಿಸಬಾರದು.

ಮೊದಲ ಹಂತ ಔಷಧದ್ದು. ವೈದ್ಯರು ಆಮ್ಲಜನಕ ಸೂಚಿಸಿದ್ದರೆ ಮೊದಲು ಮಾಸ್ಕ್, ಸುಮಾಟ್ರಿಪ್ಟಾನ್ ಚುಚ್ಚುಮದ್ದು ಸೂಚಿಸಿದ್ದರೆ ಮೊದಲು ಚುಚ್ಚುಮದ್ದು, ಆಮೇಲೆ ಐಸ್. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ನಿಮಿಷಕ್ಕೆ 12 ಲೀಟರಿನಂತೆ ಶುದ್ಧ ಆಮ್ಲಜನಕ ಉಸಿರಾಡಿದಾಗ ಶೇಕಡ 78ರಷ್ಟು ದಾಳಿಗಳು 15 ನಿಮಿಷದೊಳಗೆ ಶಮನವಾದವು. ಬರಿಯ ಗಾಳಿ ಕೊಟ್ಟಾಗ ಆ ಪ್ರಮಾಣ ಶೇಕಡ 20 ಮಾತ್ರ. ಐಸ್ ಕೈಯಲ್ಲಿದೆ ಎಂದು ಈ ಚಿಕಿತ್ಸೆಯನ್ನು ಐದು ನಿಮಿಷ ಮುಂದೂಡಿದರೂ ದಾಳಿ ಶಿಖರಕ್ಕೇರಿಬಿಡುತ್ತದೆ. ಸಾಮಾನ್ಯ ನೋವಿನ ಮಾತ್ರೆ ನುಂಗಿ, ಐಸ್ ಹಿಡಿದು ಕಾಯುವುದು ನಾನು ಕಂಡ ತಪ್ಪುಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು. ಮಾತ್ರೆ ಕರಗಿ ರಕ್ತ ಸೇರುವಷ್ಟರಲ್ಲಿ ಎಷ್ಟೋ ದಾಳಿಗಳು ತಾವಾಗಿಯೇ ಮುಗಿದಿರುತ್ತವೆ.

ಎರಡನೆಯ ಹಂತ ಐಸ್ ಸಿದ್ಧಪಡಿಸುವುದು. ಕೆಲಸ ಕೆಡುವುದು ಇಲ್ಲಿಯೇ ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕಾಗಿದೆ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿರುತ್ತದೆ. ಅದರಿಂದ ಆಗತಾನೆ ತೆಗೆದ ಐಸ್ ಆಗಲಿ ಜೆಲ್ ಪ್ಯಾಕ್ ಆಗಲಿ ಅಷ್ಟೇ ಶೀತವಾಗಿರುತ್ತದೆ. ಒದ್ದೆ ಚರ್ಮಕ್ಕೆ ಅಂಟಿಕೊಳ್ಳುವುದು, ಸುಡುವುದು ಇದರಿಂದಲೇ. ಕರಗುತ್ತಿರುವ ಐಸ್ ಮಾತ್ರ ಹಾಗಲ್ಲ. ನೀರಿನೊಂದಿಗೆ ಬೆರೆತ ಐಸ್ ಪೂರ್ತಿ ಕರಗುವವರೆಗೂ 0 ಡಿಗ್ರಿಯಲ್ಲೇ ನಿಲ್ಲುತ್ತದೆ, ಮತ್ತು ಒಂದು ಗ್ರಾಂ ಐಸ್ ಕರಗಲು 80 ಕ್ಯಾಲೊರಿಯಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಅಂದರೆ ಚರ್ಮವನ್ನು ತಾಗಿದ ಕೂಡಲೇ ಸುಡುವಷ್ಟು ಶೀತವೂ ಅಲ್ಲ, ಎರಡೇ ನಿಮಿಷದಲ್ಲಿ ಬೆಚ್ಚಗಾಗಿಬಿಡುವಂಥದ್ದೂ ಅಲ್ಲ. ಹೀಗಾಗಿ ಜೆಲ್ ಪ್ಯಾಕ್‌ಗಿಂತ ಜಜ್ಜಿದ ಐಸ್ ಮತ್ತು ಸ್ವಲ್ಪ ನೀರಿನ ಮಿಶ್ರಣವೇ ಉತ್ತಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಹುಬ್ಬಿನ ಏರಿಗೂ ಕಣತಲೆಯ ತಗ್ಗಿಗೂ ಹೊಂದಿಕೊಂಡು ಕೂರುತ್ತದೆ. ದೊಡ್ಡ ಐಸ್ ತುಂಡುಗಳಾದರೆ ಮೂಲೆಗಳು ಮಾತ್ರ ಚುಚ್ಚಿ, ಉಳಿದ ಜಾಗಕ್ಕೆ ತಂಪು ತಾಗುವುದೇ ಇಲ್ಲ.

ದಾಳಿಗಳು ಬರುವ ವಾರಗಳಲ್ಲಿ ಪ್ರತಿ ರಾತ್ರಿ ಮಲಗುವ ಮುನ್ನ ಎರಡು ಹಿಡಿ ಐಸ್ ಅನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಜಜ್ಜಿ, ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕಿಗೆ ಹಾಕಿ, ಐಸ್ ತೇವವಾಗುವಷ್ಟು ನೀರು ಸೇರಿಸಿ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಒಳ್ಳೆಯ ಫ್ಲಾಸ್ಕಿನಲ್ಲಿ ಅದು ಬೆಳಗಿನವರೆಗೂ ಪೂರ್ತಿ ಕರಗದೆ ಉಳಿಯುತ್ತದೆ. ಫ್ಲಾಸ್ಕಿನ ಜೊತೆಗೆ ನೀರು ಸೋರದ, ಬಾಯಿ ಮುಚ್ಚಬಹುದಾದ ಅಂಗೈ ಅಗಲದ ಎರಡು ಚೀಲಗಳು, ಎರಡು ತೆಳುವಾದ ಹತ್ತಿ ಬಟ್ಟೆಗಳು, ತಲೆಗೆ ಕಟ್ಟಿಕೊಳ್ಳುವ ಅಗಲದ ಪಟ್ಟಿ, ಒಂದು ಟೈಮರ್ ಇರಲಿ. ಕತ್ತಲೆಯಲ್ಲಿ, ಒಂದೇ ಕಣ್ಣು ತೆರೆದು, ನಡುಗುವ ಕೈಯಲ್ಲಿ ಇವನ್ನೆಲ್ಲ ಎತ್ತಿಕೊಳ್ಳಲು ಆಗುತ್ತದೆಯೇ ಎಂದು ನೋವಿಲ್ಲದ ದಿನ ಒಮ್ಮೆ ಅಭ್ಯಾಸ ಮಾಡಿ ನೋಡಬೇಕು. ಚೀಲಕ್ಕೆ ಮುಕ್ಕಾಲು ಭಾಗ ಮಾತ್ರ ತುಂಬಿ, ಒಳಗಿನ ಗಾಳಿಯನ್ನು ಒತ್ತಿ ಹೊರಹಾಕಿ ಬಾಯಿ ಮುಚ್ಚಬೇಕು. ಗಾಳಿ ಉಳಿದರೆ ಚೀಲ ಉಬ್ಬಿ ಚರ್ಮಕ್ಕೆ ಒರಗುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಎರಡು ತುದಿಯ ತಪ್ಪುಗಳನ್ನೂ ನೋಡಿದ್ದೇನೆ. ಬಟ್ಟೆಯೇ ಇಲ್ಲದೆ ಇಡುವವರು ಚರ್ಮ ಸುಟ್ಟುಕೊಳ್ಳುತ್ತಾರೆ. ದಪ್ಪನೆಯ ಒಣ ಟವೆಲ್ ಸುತ್ತುವವರು, ಅದರ ಎಳೆಗಳ ನಡುವಿನ ಗಾಳಿ ತಂಪನ್ನು ತಡೆಯುವುದರಿಂದ, ಏನೂ ಪ್ರಯೋಜನವಾಗಲಿಲ್ಲ ಎಂದು ಕೈಬಿಡುತ್ತಾರೆ. ತೆಳು ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ನೀರು ಬೆರೆತ ಐಸ್ ಆದರೆ ಒಂದು ಪದರ, ಫ್ರೀಜರಿನಿಂದ ನೇರವಾಗಿ ತೆಗೆದ ಜೆಲ್ ಪ್ಯಾಕ್ ಆದರೆ ಕನಿಷ್ಠ ಎರಡು ಪದರ ಸುತ್ತಬೇಕು.

ಇಲ್ಲಿ ಕೆಲವು ಅಡ್ಡದಾರಿಗಳ ಬಗ್ಗೆ ಎಚ್ಚರಿಸಲೇಬೇಕು. ಐಸ್‌ಗೆ ಉಪ್ಪು ಬೆರೆಸಿದರೆ ಮಿಶ್ರಣದ ಉಷ್ಣತೆ 0 ಡಿಗ್ರಿಗಿಂತ ಬಹಳ ಕೆಳಕ್ಕೆ ಇಳಿದು ಕೆಲವೇ ನಿಮಿಷಗಳಲ್ಲಿ ಚರ್ಮವನ್ನು ಸುಡುತ್ತದೆ. ಅದನ್ನು ಮುಖದ ಹತ್ತಿರ ತರಲೇಬಾರದು. ನೀರಿಗೆ ಸ್ಪಿರಿಟ್ ಸೇರಿಸಿ ಮೆತ್ತನೆಯ ಪ್ಯಾಕ್ ಮಾಡಿಕೊಳ್ಳುವ ಉಪಾಯ ಮೊಣಕಾಲಿಗೆ ಸರಿಹೋದೀತು, ಕಣ್ಣಿನ ಬಳಿ ಸೋರಿದರೆ ಅಪಾಯ. ಒತ್ತಿದ ಕೂಡಲೇ ತಣ್ಣಗಾಗುವ ಚೀಲಗಳಲ್ಲಿ ಇರುವುದು ನೀರು ಮತ್ತು ಯೂರಿಯಾ ಅಥವಾ ಅಮೋನಿಯಂ ನೈಟ್ರೇಟ್. ಅವು ಒಡೆದರೆ ಆ ದ್ರವ ಕಣ್ಣಿಗೆ ಇಳಿಯುತ್ತದೆಯಾದ್ದರಿಂದ ಪ್ರಯಾಣದಲ್ಲಿ ಬೇರೆ ದಾರಿಯೇ ಇಲ್ಲದಾಗ ಕತ್ತಿನ ಹಿಂಭಾಗಕ್ಕೆ ಮಾತ್ರ ಬಳಸಬಹುದು. ಹಣೆಗೆ ಅಂಟಿಸುವ ತಂಪಿನ ಪಟ್ಟಿಗಳಿಗೆ ಹಣ ವ್ಯಯಿಸುವುದು ಬೇಡ ಎಂದೇ ಹೇಳುತ್ತೇನೆ. ಅವು ನೀರಾವಿಯಾಗುವುದರಿಂದ ಅಲ್ಪಸ್ವಲ್ಪ ತಂಪು ಕೊಡುತ್ತವೆಯೇ ಹೊರತು ಈ ನೋವಿಗೆ ಸಾಲುವುದಿಲ್ಲ. ಮೆಂಥಾಲ್ ಮುಲಾಮು ಚರ್ಮವನ್ನು ತಂಪು ಮಾಡುವುದಿಲ್ಲ, ತಂಪನ್ನು ಗ್ರಹಿಸುವ ನರತುದಿಗಳನ್ನು ಕೆರಳಿಸಿ ಹಾಗೆ ಭಾಸವಾಗುವಂತೆ ಮಾಡುತ್ತದೆ. ಮೊದಲೇ ನೀರು ಸುರಿಯುತ್ತಿರುವ ಕಣ್ಣಿಗೆ ಅದು ಹರಡಿದರೆ ಉರಿ ಇಮ್ಮಡಿಯಾಗುತ್ತದೆ. ಆಮ್ಲಜನಕ ಬಳಸುವವರಂತೂ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಬೆರೆತ ಯಾವ ಮುಲಾಮನ್ನೂ ಮುಖಕ್ಕೆ ಹಚ್ಚಬಾರದು, ಏಕೆಂದರೆ ಆಮ್ಲಜನಕದ ಸನ್ನಿಧಿಯಲ್ಲಿ ಅವು ಬೇಗ ಹೊತ್ತಿಕೊಳ್ಳುತ್ತವೆ.

ಮೂರನೆಯ ಹಂತ ಬಟ್ಟೆ ಸುತ್ತಿದ ಐಸ್ ಚೀಲವನ್ನು ತಂಪಿನ ಪಟ್ಟಿಯಾಗಿ ಇಡುವುದು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಬೇಕು. ನೋವಿರುವ ಬದಿಯ ಹುಬ್ಬಿನ ಮೇಲಿನ ಎಲುಬಿನಿಂದ ಶುರುಮಾಡಿ ಕಣ್ಣಿನ ಹೊರತುದಿಯ ಪಕ್ಕದ ಕಣತಲೆಯವರೆಗೆ ಚೀಲ ಒರಗುವಂತೆ ಇಟ್ಟುಕೊಳ್ಳಬೇಕು. ನೋವು ಕಣ್ಣಿನ ಹಿಂದೆಯೇ ಇರುವುದರಿಂದ ಕಣ್ಣುಗುಡ್ಡೆಯನ್ನೇ ಅಮುಕಬೇಕೆಂಬ ತವಕ ಸಹಜವಾಗಿ ಬರುತ್ತದೆ, ಆದರೆ ಹಾಗೆ ಮಾಡಬಾರದು: ರೆಪ್ಪೆಯ ಚರ್ಮ ಇಡೀ ದೇಹದಲ್ಲೇ ಅತ್ಯಂತ ತೆಳುವಾದದ್ದು, ಮತ್ತು ಕಣ್ಣುಗುಡ್ಡೆಯ ಮೇಲಿನ ಒತ್ತಡ ಪ್ರತಿವರ್ತನೆಯಾಗಿ ಹೃದಯ ಬಡಿತವನ್ನು ತಗ್ಗಿಸಬಲ್ಲದು. ಚೀಲದ ಭಾರ ಎಲುಬಿನ ಮೇಲಿರಲಿ, ಮುಚ್ಚಿದ ರೆಪ್ಪೆಗೆ ಬಟ್ಟೆಯ ಅಂಚು ಮಾತ್ರ ತಾಗಲಿ. ಓಡಾಡದೆ ಇರಲಾಗದವರು ತಲೆಪಟ್ಟಿಯಿಂದ ಅದನ್ನು ಸಡಿಲವಾಗಿ ಕಟ್ಟಿಕೊಳ್ಳಬಹುದು. ಎರಡು ಬೆರಳು ತೂರುವಷ್ಟು ಸಡಿಲವಿದ್ದರೆ ಸಾಕು. ಮಾಸ್ಕ್ ಹಾಕಿಕೊಂಡಿರುವಾಗ ಚೀಲವು ಅದರ ಅಂಚನ್ನು ಎತ್ತದಂತೆ ನೋಡಿಕೊಳ್ಳಬೇಕು, ಏಕೆಂದರೆ ಅಂಚಿನಿಂದ ಹೊರಗಿನ ಗಾಳಿ ನುಗ್ಗಿದರೆ ಆಮ್ಲಜನಕದ ಗುಣವೇ ಕುಗ್ಗುತ್ತದೆ. ಎರಡನೆಯ ಚೀಲವನ್ನು ಹೆಡತಲೆಗೆ ಇಟ್ಟುಕೊಳ್ಳಬಹುದು. ಗಂಟಲಿನ ಎರಡೂ ಬದಿಯ ನಾಡಿ ಬಡಿಯುವ ಜಾಗವನ್ನು ಒತ್ತಬಾರದು.

ನಾಲ್ಕನೆಯದು ಸಮಯ. ಟೈಮರ್ ಅನ್ನು 10 ನಿಮಿಷಕ್ಕೆ ಇಟ್ಟೇ ಚೀಲವನ್ನು ಮುಖಕ್ಕೆ ತರಬೇಕು. ಮೊದಲು ತಣ್ಣಗೆನಿಸುತ್ತದೆ, ಆಮೇಲೆ ಉರಿ, ಅನಂತರ ಮಂದವಾದ ಹಿಂಸೆ, ಕೊನೆಗೆ ಮರಗಟ್ಟುವಿಕೆ. ಮರಗಟ್ಟಿದ ಮೇಲೆ ಅಪಾಯವನ್ನು ತಿಳಿಸಲು ಚರ್ಮಕ್ಕೆ ಬೇರೆ ದಾರಿ ಉಳಿದಿರುವುದಿಲ್ಲವಾದ್ದರಿಂದ, 10 ನಿಮಿಷ ಆಗಿರಲಿ ಆಗದಿರಲಿ, ಅಲ್ಲಿಗೆ ತೆಗೆಯಬೇಕು. ತೆಗೆದು ಬೆರಳಿನಿಂದ ಒತ್ತಿ ಇನ್ನೊಂದು ಬದಿಯೊಂದಿಗೆ ಹೋಲಿಸಿ ನೋಡಬೇಕು: ಚರ್ಮ ಮೆತ್ತಗಿದ್ದು ಒತ್ತಿದ ಜಾಗಕ್ಕೆ ಬಣ್ಣ ಮರಳಿದರೆ ಸರಿ, ಬಿಳಿಚಿ ಅಥವಾ ಬೂದುಬಣ್ಣಕ್ಕೆ ತಿರುಗಿ ಮೇಣದಂತೆ ಗಡುಸಾಗಿದ್ದರೆ ಮತ್ತೆ ಇಡಬಾರದು, ಉಜ್ಜಬಾರದು, ಬಿಸಿನೀರು ಹಾಕಬಾರದು, ಉಗುರುಬೆಚ್ಚಗಿನ ನೀರಿನಿಂದ ನಿಧಾನವಾಗಿ ಬೆಚ್ಚಗಾಗಿಸಿ, ಬಣ್ಣ ಮರಳದಿದ್ದರೆ ವೈದ್ಯರಿಗೆ ತೋರಿಸಬೇಕು. ಎಲ್ಲವೂ ಸರಿಯಿದ್ದರೆ ಚರ್ಮ ಪೂರ್ತಿ ಬೆಚ್ಚಗಾದ ಮೇಲೆ ಇನ್ನೊಂದು ಸುತ್ತು ಇಡಬಹುದು.

ರಾತ್ರಿಯ ದಾಳಿ ಇಳಿಯುವಾಗ ಬರುವ ಬಳಲಿಕೆಯ ನಿದ್ದೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಹುಟ್ಟಿಸುತ್ತದೆ. ನೋವು ಬಿಟ್ಟ ಕ್ಷಣ ಚೀಲ ಮುಖದ ಮೇಲಿದ್ದಂತೆಯೇ ಕಣ್ಣು ಮುಚ್ಚಿಹೋಗುತ್ತದೆ. ಮನೆಯಲ್ಲಿ ಮತ್ತೊಬ್ಬರಿದ್ದರೆ ಚೀಲ ತೆಗೆಯುವ ಹೊಣೆಯನ್ನು ಅವರಿಗೇ ವಹಿಸಬೇಕು. ಒಬ್ಬರೇ ಇರುವವರು ಮಲಗಿಕೊಂಡು ಐಸ್ ಹಿಡಿಯುವ ಪದ್ಧತಿಯನ್ನೇ ಬಿಟ್ಟು ಕುರ್ಚಿಯಲ್ಲಿ ನೇರವಾಗಿ ಕೂರಬೇಕು, ತಲೆಪಟ್ಟಿ ಕಟ್ಟದೆ ಕೈಯಲ್ಲೇ ಹಿಡಿಯಬೇಕು. ಆಗ ನಿದ್ದೆ ಹತ್ತಿದರೆ ಚೀಲ ತಾನಾಗಿಯೇ ಜಾರಿ ಬೀಳುತ್ತದೆ.

ಐಸ್ ನೀರಿನ ಬೋಗುಣಿಯಲ್ಲಿ ಮುಖ ಮುಳುಗಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಮುಖಕ್ಕೆ ತಣ್ಣೀರು ತಾಗಿ ಉಸಿರು ಬಿಗಿಹಿಡಿದಾಗ ಹೃದಯ ಬಡಿತ ತಾನಾಗಿಯೇ ನಿಧಾನವಾಗುತ್ತದೆ. ಕ್ಲಸ್ಟರ್ ತಡೆಗೆ ಹೆಚ್ಚಾಗಿ ಕೊಡುವ ವೆರಾಪಮಿಲ್ ಕೂಡ ಹೃದಯದ ವಿದ್ಯುತ್ ಸಂದೇಶವನ್ನು ನಿಧಾನಗೊಳಿಸುವ ಔಷಧವಾದ್ದರಿಂದಲೇ ವೈದ್ಯರು ಆಗಾಗ ಇಸಿಜಿ ಮಾಡಿಸುತ್ತಾರೆ. ಈ ಎರಡನ್ನೂ ಒಟ್ಟಿಗೆ ಸೇರಿಸುವುದು ಬೇಡ. ತಣ್ಣನೆಯ ಗಾಳಿಗೆ ಮುಖವೊಡ್ಡಿ ನಿಲ್ಲುವುದರಿಂದ ಹಾಯೆನಿಸುವವರಿದ್ದಾರೆ, ಅದರಲ್ಲಿ ತೊಂದರೆಯಿಲ್ಲ. ತಂಪಿಗೆ ಬೆರಳುಗಳು ಬಿಳುಪೇರುವ ರೇನಾಡ್ ತೊಂದರೆ ಇರುವವರು, ಶೀತಕ್ಕೆ ಮೈಮೇಲೆ ದದ್ದು ಏಳುವವರು, ಮುಖದಲ್ಲಿ ಸ್ಪರ್ಶಜ್ಞಾನ ಕುಂದಿರುವವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಐಸ್ ಬಳಸಬಾರದು. ತಲೆಯ ಹಿಂಭಾಗದ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ತೆಗೆದುಕೊಂಡ ದಿನ ಆ ಜಾಗಕ್ಕೆ ಚೀಲ ತಾಗಿಸಬಾರದು, ಅಲ್ಲಿ ಚರ್ಮ ಸುಡುತ್ತಿದ್ದರೂ ತಿಳಿಯುವುದಿಲ್ಲ.

ದಾಳಿ ಶುರುವಾದ ಗಳಿಗೆ, ಔಷಧ ತೆಗೆದುಕೊಂಡ ಗಳಿಗೆ, ತಂಪಿಟ್ಟ ಜಾಗ, ನೋವು ಹತ್ತರಲ್ಲಿ ಎಷ್ಟಿತ್ತು ಮತ್ತು ಎಷ್ಟಕ್ಕೆ ಇಳಿಯಿತು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡಬೇಕು. ನಾಲ್ಕೈದು ದಾಳಿಗಳಲ್ಲಿ ತಂಪಿನಿಂದ ವ್ಯತ್ಯಾಸ ಕಾಣದಿದ್ದರೆ ಅದನ್ನು ಬಿಟ್ಟು ವೈದ್ಯರೊಂದಿಗೆ ಔಷಧದ ವಿಷಯ ಮಾತಾಡುವುದು ಸರಿ. ನೋವು ತಾಳಲಾರದೆ ಬದುಕೇ ಬೇಡವೆನಿಸುವಂಥ ಯೋಚನೆ ಬಂದರೆ ಅದನ್ನು ಮುಚ್ಚಿಡದೆ ಆ ಕೂಡಲೇ ಹತ್ತಿರದವರಿಗೆ ಹೇಳಿ ಆಸ್ಪತ್ರೆಗೆ ಹೋಗಬೇಕು. ಈ ಕಾಯಿಲೆಯಲ್ಲಿ ಅಂಥ ಯೋಚನೆ ಬರುವುದುಂಟು, ವೈದ್ಯರಿಗೆ ಅದು ತಿಳಿದಿರುತ್ತದೆ.

ಕೊನೆಯ ಹಂತವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ನೀರು ಐಸ್ ಆಗಲು ಮೂರು ನಾಲ್ಕು ಗಂಟೆ ಬೇಕು, ಮುಂದಿನ ದಾಳಿ ಅದಕ್ಕೂ ಮೊದಲೇ ಬರಬಹುದು. ಆದ್ದರಿಂದ ಐಸ್ ತಟ್ಟೆಗಳು ಎರಡಿರಲಿ. ಬಳಸಿದ ತಟ್ಟೆಗೆ ಆ ರಾತ್ರಿಯೇ ನೀರು ತುಂಬಿ ಫ್ರೀಜರಿಗೆ ಇಟ್ಟು, ಎರಡನೆಯ ತಟ್ಟೆಯ ಐಸ್ ಅನ್ನು ಜಜ್ಜಿ ಫ್ಲಾಸ್ಕಿಗೆ ಹಾಕಿದ ಮೇಲೆ ಮಲಗಬೇಕು.