ಮಿಲ್ಲಿನ ಸೂರು ಉಳಿಸಿಕೊಂಡ ಬಗೆ

ಹಳೇ ಮಿಲ್ಲಿನ ಶೆಡ್ಡನ್ನು ಆಫೀಸೋ ಕೆಫೆಯೋ ಮಾಡಬೇಕು ಅಂತ ಯಾರೇ ಬಂದರೂ ನಾನು ಮೊದಲು ನೋಡೋದು ಸೂರನ್ನು. ಗೋಡೆಗೆ ಬಣ್ಣ, ದೀಪ, ಕುರ್ಚಿ ಎಲ್ಲ ಆಮೇಲೆ. ಮುಂಬಯಿಯ ಲೋವರ್ ಪರೇಲ್‌ನಲ್ಲಿ ನೂಲು ತೆಗೆಯುತ್ತಿದ್ದ ಒಂದು ಶೆಡ್ಡನ್ನು ಸ್ಟುಡಿಯೋ ಮಾಡಿಕೊಡುವಾಗ ನನಗೆ ಇದು ಇನ್ನೂ ಗಟ್ಟಿಯಾಯಿತು.

ಈ ಗಿರಣಗಾಂವ್, ಅಂದರೆ ಮುಂಬಯಿಯ ಬಟ್ಟೆ ಮಿಲ್ಲುಗಳ ಪ್ರದೇಶ, ಹೇಗೆ ಖಾಲಿಯಾಯಿತು ಅನ್ನೋದು ಗೊತ್ತಿರಬೇಕು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಎಷ್ಟೋ ಮಂದಿಗೆ ಕೆಲಸ ವಾಪಸ್ ಸಿಗಲೇ ಇಲ್ಲ. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. 1991ರ ನಿಯಮದ ಪ್ರಕಾರ ಮಿಲ್ ಜಮೀನಿನಲ್ಲಿ ಹೊಸದಾಗಿ ಕಟ್ಟಿದರೆ ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ ಹೋಗಬೇಕಿತ್ತು. 2001ರಲ್ಲಿ ಅದನ್ನು ತಿದ್ದಿ, ಖಾಲಿ ಜಾಗಕ್ಕೆ ಮಾತ್ರ ಆ ಲೆಕ್ಕ ಅಂದರು. ಮಿಲ್ಲುಗಳಲ್ಲಿ ಖಾಲಿ ಜಾಗ ಎಲ್ಲಿರುತ್ತೆ? ತುಂಬಾ ಶೆಡ್ಡುಗಳೇ ಅಲ್ವಾ? 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಊರಿಗೆ ಸಿಗಬೇಕಾಗಿದ್ದ ಮೈದಾನ, ಮನೆಗಳು ಹೀಗೆ ಕೈತಪ್ಪಿದ್ದು ನನಗೆ ಇವತ್ತಿಗೂ ಸಂಕಟದ ವಿಷಯ. ಹಾಗಾಗಿ ಉಳಿದಿರುವ ಒಂದೊಂದು ಶೆಡ್ಡನ್ನೂ ಕೆಡವದೆ ಬಳಸಬೇಕು ಅನ್ನೋ ಹಟ.

ನಮ್ಮ ಶೆಡ್ಡಿನದು ಗರಗಸದ ಹಲ್ಲಿನಂಥ ಸೂರು. ಪ್ರತಿ ಹಲ್ಲಿನ ಇಳಿಜಾರು ದಕ್ಷಿಣಕ್ಕೆ, ಅದಕ್ಕೆ ಮಂಗಳೂರು ಹಂಚು. ನೆಟ್ಟಗಿನ ಬದಿ ಉತ್ತರಕ್ಕೆ, ಅದಕ್ಕೆ ಗಾಜು. ಬಿಸಿಲು ನೇರ ಬೀಳದೆ ದಿನವಿಡೀ ಒಂದೇ ಸಮನಾದ ಬೆಳಕು. ಬಾಡಿಗೆಗೆ ತೆಗೆದುಕೊಂಡವರು ಫಾಲ್ಸ್ ಸೀಲಿಂಗ್ ಹಾಕಿ ಎಸಿ ಕೂರಿಸೋಣ ಅಂದರು. ನಾನು ಒಪ್ಪಲಿಲ್ಲ. ಕಪ್ಪಾಗಿದ್ದ ನಾಲ್ಕು ಗಾಜು ತೊಳೆಸಿ, ಅದರ ಕೆಳಗೆ ಮೇಜು ಹಾಕಿ ಕೂರಿಸಿದೆ. ಚರ್ಚೆ ಅಲ್ಲಿಗೇ ಮುಗಿಯಿತು. ಒಂದು ಸಂಗತಿ ಮಾತ್ರ ನೆನಪಿರಲಿ: ಮುಂಬಯಿಯಲ್ಲಿ ಮೇ ಮಧ್ಯದಿಂದ ಜುಲೈ ಕೊನೆವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಮಳೆ ಹಿಡಿಯುವ ತನಕ ಉತ್ತರದ ಗಾಜಿನಿಂದಲೂ ಬಿಸಿಲು ಇಳಿಯುತ್ತೆ. ಅದಕ್ಕೆ ಒಳಗಡೆ ಎಳೆದು ಬಿಡುವಂಥ ಖಾದಿ ಪರದೆ ಹಾಕಿಸಿದೆ.

ಅಸಲು ಕೆಲಸ ಇರೋದು ಎರಡು ಹಲ್ಲುಗಳ ನಡುವಿನ ಗಟರ್‌ನಲ್ಲಿ. ಮಳೆನೀರೆಲ್ಲ ಬಂದು ಸೇರೋದು ಅಲ್ಲಿಗೇ. ಅರಳಿ ಗಿಡ ಬೇರು ಬಿಡೋದೂ ಅಲ್ಲೇ. ನಮ್ಮಲ್ಲಿ ಗಟರ್ ಪೂರ್ತಿ ಬಿಡಿಸಿ ನೋಡಿದರೂ ನೀರು ಇಳಿಯೋ ಪೈಪು ಎಲ್ಲೂ ಕಾಣಲಿಲ್ಲ. ಆವರಣದ ವಾಚ್‌ಮನ್ ಮೊದಲು ಅದೇ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಕರೆದು ಕೇಳಿದೆ. ಅವರು ಬೀಡು ಕಬ್ಬಿಣದ ಕಂಬಕ್ಕೆ ಬೆರಳಿನಿಂದ ಟಣ್ ಅಂತ ಬಡಿದು, "ಸಾಹೇಬ್, ನೀರು ಇದರೊಳಗೇ ಇಳಿಯೋದು" ಅಂದರು. ಕಂಬಗಳು ಪೊಳ್ಳು! ಸೂರನ್ನು ಹೊರುವ ಕಂಬವೇ ಮಳೆನೀರಿನ ಪೈಪು ಕೂಡ. "ಕಾಕಾ, ಕಟ್ಟಿಕೊಂಡರೆ ಏನು ಮಾಡ್ತಿದ್ದಿರಿ?" ಅಂದೆ. ಬುಡದಲ್ಲಿ ಬೋಲ್ಟ್ ಹಾಕಿದ್ದ ಸಣ್ಣ ಮುಚ್ಚಳ ತೋರಿಸಿದರು. ಬಣ್ಣದ ಪದರಗಳ ಅಡಿಯಲ್ಲಿ ಅದು ಕಾಣುತ್ತಲೇ ಇರಲಿಲ್ಲ. ತೆಗೆದರೆ ವರ್ಷಗಳ ಕೆಸರು, ಹತ್ತಿಯ ಉಂಡೆ. ಎಲ್ಲ ಕಂಬ ಶುಚಿ ಮಾಡಿದ ಮೇಲೆ ಸೋರಿಕೆ ಬಹುಪಾಲು ನಿಂತೇಹೋಯಿತು.

ಈ ಕಂಬಗಳಿಗೆ ವೆಲ್ಡಿಂಗ್ ಮಾಡಿಸಲೇಬೇಡಿ. ಬೀಡು ಕಬ್ಬಿಣ ಕಾವಿಗೆ ಬಿರುಕು ಬಿಡುತ್ತೆ. ದೀಪ, ವೈರಿಂಗ್ ಏನೇ ಇದ್ದರೂ ಸುತ್ತ ಕ್ಲಾಂಪ್ ಕಟ್ಟಿ ತೂಗುಹಾಕಿ. ಗೋಡೆಗೆ ಸುಣ್ಣದ ಗಾರೆ ಇದ್ದರೆ ಮೇಲೆ ಸಿಮೆಂಟ್ ಬಳಿಯಬೇಡಿ. ತೇವ ಹೊರಹೋಗಲು ದಾರಿಯಿಲ್ಲದೆ ಇಟ್ಟಿಗೆ ಪುಡಿಯಾಗುತ್ತೆ. ಒಡೆದ ಹಂಚಿಗೆ ಬದಲಿ ಬೇಕಾದಾಗ ಹೊಸ ಹಂಚಿನ ಕಚ್ಚು ಕೂರಲಿಲ್ಲ. ಕೆಡವಿದ ಮನೆಗಳ ಹಂಚು ಮಾರುವವರ ಹತ್ತಿರ ಅಳತೆ ನೋಡಿ ಆರಿಸಿ ತಂದೆವು.

ಇನ್ನು ಬೆಂಕಿ. 2017ರ ಡಿಸೆಂಬರ್ 29ರಂದು ಮಧ್ಯರಾತ್ರಿ ಕಳೆದ ಮೇಲೆ ಇದೇ ಲೋವರ್ ಪರೇಲ್‌ನ ಕಮಲಾ ಮಿಲ್ಸ್ ಆವರಣದಲ್ಲಿ ಮಹಡಿಯ ಮೇಲಿನ ರೆಸ್ಟೋರೆಂಟುಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. ಆ ಬೀದಿಯಲ್ಲಿ ಕೆಲಸ ಮಾಡುವ ಯಾರೂ ಅದನ್ನು ಮರೆಯಬಾರದು. ಎತ್ತರದ ಸೂರು ಕಂಡರೆ ನಡುವೆ ಅಟ್ಟ ಕಟ್ಟಿ ಜಾಗ ಹೆಚ್ಚಿಸಿಕೊಳ್ಳೋಣ ಅಂತ ಎಲ್ಲರಿಗೂ ಆಸೆ. ನಾನು ಅಟ್ಟ ಹಾಕಲಿಲ್ಲ. ಕಾಫಿ ಮಾಡುವ ಜಾಗವನ್ನು ಶೆಡ್ಡಿನಿಂದ ಹೊರಗೆ, ಅಂಗಳದಲ್ಲಿ ಇಟ್ಟೆ. ಸರಕು ಸಾಗಿಸಲು ಹಿಂದೆ ಇದ್ದ ದೊಡ್ಡ ಬಾಗಿಲನ್ನು ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಅದನ್ನು ಒಡೆಸಿ, ಹೊರಕ್ಕೆ ತೆರೆಯುವ ಬಾಗಿಲು ಕೂರಿಸಿದೆ. ಅಲ್ಲಿ ಎರಡು ಮೇಜು ಹಾಕೋಣ, ಬಾಡಿಗೆ ಬರುತ್ತೆ ಅಂತ ಆಮೇಲೂ ಕೇಳಿದರು. ಆ ಬಾಗಿಲಿನ ಮುಂದೆ ಏನನ್ನೂ ಇಡುವಂತಿಲ್ಲ ಅಂತ ಬಾಡಿಗೆ ಕರಾರಿನಲ್ಲೇ ಬರೆಸಿದ್ದೇವೆ. ಗಟರ್ ಮತ್ತು ಕಂಬದ ಮುಚ್ಚಳಗಳನ್ನು ಪ್ರತಿ ವರ್ಷ ಮಳೆಗೆ ಮುಂಚೆ ಶುಚಿ ಮಾಡುವ ಕೆಲಸವೂ ಅದೇ ಕರಾರಿನಲ್ಲಿದೆ.